ವನುವಾಟುವಿನ 1979ರ ಚುನಾವಣೆ: ಜನ ತಯಾರಿರಲಿಲ್ಲ ಅನ್ನೋದು ನಿಜಾನಾ?

ಸಪ್ತಾಪುರದ ಓದುಗ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್‌ಗೆ ಓದುತ್ತಿದ್ದೇನೆ. ವಿಶ್ವ ಇತಿಹಾಸದಲ್ಲಿ ವಸಾಹತುಗಳಿಗೆ ಸ್ವಾತಂತ್ರ್ಯ ಬಂದ ಭಾಗ ನಡೆಯುತ್ತಿದೆ. ಪೆಸಿಫಿಕ್ ಸಾಗರದ ವನುವಾಟು ದೇಶಕ್ಕೆ ಬಂದಾಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಆಗ ಅದರ ಹೆಸರು ನ್ಯೂ ಹೆಬ್ರೈಡ್ಸ್. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಆಳುತ್ತಿದ್ದವು. 1979ರ ನವೆಂಬರ್ 14ರಂದು ಸಾರ್ವತ್ರಿಕ ಚುನಾವಣೆ ಆಯಿತು. 39 ಸೀಟುಗಳಲ್ಲಿ 26 ವನುವಾಕು ಪಾರ್ಟಿಗೆ ಬಂದವು. ಸ್ವಾತಂತ್ರ್ಯ ಬಂದಿದ್ದು 1980ರ ಜುಲೈ 30ಕ್ಕೆ. ಆದರೆ ನಡುವಿನ ತಿಂಗಳುಗಳಲ್ಲಿ ದಂಗೆ ಆಯಿತು. ಸಾಂಟೊ ಅನ್ನೋ ದೊಡ್ಡ ದ್ವೀಪ ತಾನೇ ಬೇರೆ ದೇಶ ಅಂತ ಸಾರಿಕೊಂಡಿತು.

ನನ್ನ ಹತ್ತಿರ ಇರೋ ನೋಟ್ಸ್‌ನಲ್ಲಿ ಇದಕ್ಕೆ ಒಂದೇ ಸಾಲಿನ ಕಾರಣ ಕೊಟ್ಟಿದ್ದಾರೆ: ಬುಡಕಟ್ಟು ಜನ ಇನ್ನೂ ಪ್ರಜಾಪ್ರಭುತ್ವಕ್ಕೆ ತಯಾರಾಗಿರಲಿಲ್ಲ. ಈ ಸಾಲು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಬಂದು ವೋಟು ಹಾಕಿದ್ದಾರೆ. ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಕೊಟ್ಟಿದ್ದಾರೆ. ಇನ್ನು ಹೇಗೆ ತಯಾರಾಗಬೇಕಿತ್ತು? ನಮ್ಮೂರು ಹಾನಗಲ್ ಕಡೆ. ನಮ್ಮವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಆದರೆ ಪಂಚಾಯ್ತಿಯಿಂದ ಪಾರ್ಲಿಮೆಂಟಿನ ತನಕ ಒಂದು ಸಲವೂ ವೋಟು ತಪ್ಪಿಸಿಲ್ಲ. ಯಾರಿಗೆ ಯಾಕೆ ಹಾಕಿದೆ ಅಂತ ಕೇಳಿದರೆ ಕಾರಣ ಸಮೇತ ಹೇಳುತ್ತಾಳೆ. ಅವಳನ್ನು ಯಾರಾದರೂ ತಯಾರಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಚುನಾವಣೆ ಅಷ್ಟು ಸರಿಯಾಗಿ ಆಗಿದ್ದರೆ ದಂಗೆ ಯಾಕಾಯಿತು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.


ಗಾಂಧಿ ಚೌಕದವ, ಗದಗ:

ಪರೀಕ್ಷೆಯಲ್ಲಿ ಇದು ಬಂದರೆ ಎರಡು ಮಾರ್ಕ್ಸ್‌ಗೆ ಬರಬಹುದು ಅಷ್ಟೆ. ಇಸವಿ, ಪಕ್ಷ, ನಾಯಕ ವಾಲ್ಟರ್ ಲಿನಿ ಇಷ್ಟು ನೆನಪಿಟ್ಟುಕೊಂಡು ಮುಂದೆ ಹೋಗಿ. ಇನ್ನೂ ಓದೋದು ಬಹಳ ಇರುತ್ತದೆ.


ಮುಂಡರಗಿ ಮಾಸ್ತರ:

ತಮ್ಮಾ, ಆ ಸಾಲಿನ ಮೇಲೆ ಗೀಟು ಹೊಡಿ. ನಿನ್ನ ಅನುಮಾನ ಸರಿಯಾಗಿದೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದವನು. ಈ ದ್ವೀಪಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಅದಕ್ಕೆ ಕಾರಣವೂ ಇದೆ. ಎರಡು ಮಾರ್ಕ್ಸ್‌ನ ಮಾತು ಬಿಟ್ಟು ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಲ್ಲಿ ಆಡಳಿತ ಹೇಗಿತ್ತು ನೋಡು. 1906ರಲ್ಲಿ ಬ್ರಿಟಿಷರು, ಫ್ರೆಂಚರು ಒಪ್ಪಂದ ಮಾಡಿಕೊಂಡರು. ದ್ವೀಪಗಳನ್ನು ಹಂಚಿಕೊಳ್ಳಲಿಲ್ಲ. ಇಡೀ ನಾಡನ್ನು ಇಬ್ಬರೂ ಒಟ್ಟಿಗೆ ಆಳೋಣ ಅಂದರು. ಅಲ್ಲಿಂದ ಎಲ್ಲವೂ ಎರಡೆರಡು. ಎರಡು ಪೊಲೀಸ್ ಪಡೆ, ಎರಡು ಜೈಲು, ಎರಡು ಥರದ ಆಸ್ಪತ್ರೆ, ಎರಡು ಥರದ ಶಾಲೆ, ಎರಡು ನಾಣ್ಯ. ಹೊರಗಿನಿಂದ ಬಂದು ನೆಲೆಸಿದವನು ತನಗೆ ಬ್ರಿಟಿಷ್ ಕಾಯ್ದೆ ಬೇಕೋ ಫ್ರೆಂಚ್ ಕಾಯ್ದೆ ಬೇಕೋ ಆರಿಸಿಕೊಳ್ಳಬಹುದಿತ್ತು. ಇವೆರಡರ ಮೇಲೆ ಒಂದು ಜಂಟಿ ಕೋರ್ಟು. ಅದರ ಅಧ್ಯಕ್ಷನನ್ನು ನೇಮಿಸಲು ಸ್ಪೇನಿನ ರಾಜನಿಗೆ ಕೇಳಿದರು. ಇಷ್ಟೆಲ್ಲದರ ನಡುವೆ ಅಲ್ಲೇ ಹುಟ್ಟಿ ಬೆಳೆದ ಜನ ಮಾತ್ರ ಬ್ರಿಟಿಷ್ ಪ್ರಜೆಗಳೂ ಅಲ್ಲ, ಫ್ರೆಂಚ್ ಪ್ರಜೆಗಳೂ ಅಲ್ಲ. ಸ್ವಂತ ನೆಲದ ಮೇಲೆ ಯಾವ ದೇಶಕ್ಕೂ ಸೇರದವರಾಗಿ 70 ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಇದು ನನಗೆ ಯಾಕೆ ತಟ್ಟುತ್ತದೆ ಅಂದರೆ, ನಮ್ಮ ಮುಂಡರಗಿ ಗಡಿಯ ಊರು. ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ಮುಂಡರಗಿ ಮುಂಬೈ ಸರ್ಕಾರದ ಕೆಳಗೆ, ಅತ್ತ ಅಳವಂಡಿ, ಕೊಪ್ಪಳ ನಿಜಾಮರ ಕೆಳಗೆ. ನಮ್ಮ ಅಜ್ಜಿಯ ತವರು ಅಳವಂಡಿ ಕಡೆ. ಅಲ್ಲಿ ಹಾಲಿ ಸಿಕ್ಕಾ, ಇಲ್ಲಿ ಕಲ್ದಾರ ರೂಪಾಯಿ. ಅಜ್ಜ ಎರಡು ಥರದ ದುಡ್ಡನ್ನು ಎರಡು ಬೇರೆ ಚೀಲದಲ್ಲಿ ಇಡುತ್ತಿದ್ದನಂತೆ. ಅಜ್ಜಿ ತವರಿಗೆ ಹೋಗುವಾಗ ಒಂದು ಗಂಟು ಅರಳೆ ಒಯ್ದರೂ ಕರೋಡಗಿರಿ ನಾಕಾದಲ್ಲಿ ಬಿಚ್ಚಿ ತೋರಿಸಬೇಕು. ಈ ಕಡೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಕ್ಕೆ, ಕುಂದಗೋಳ ಜಮಖಂಡಿಗೆ. ಗದಗದಿಂದ ಹುಬ್ಬಳ್ಳಿಗೆ ಸುತ್ತುಹಾಕಿ ಹೋದರೆ ನಾಲ್ಕು ದೊರೆಗಳ ಸೀಮೆ ದಾಟಬಹುದಿತ್ತು. ಆದರೂ ನಮ್ಮಲ್ಲಿ ಒಂದು ಊರಿಗೆ ಒಬ್ಬನೇ ದೊರೆ. ಅಲ್ಲಿ ಒಂದೇ ಊರಿಗೆ ಇಬ್ಬರು. ಆ ಫರಕು ಬಹಳ ದೊಡ್ಡದು. ದಂಗೆಯ ಬೇರು ಇರೋದೇ ಅಲ್ಲಿ.

ಈಗ ಚುನಾವಣೆಗೆ ಬರೋಣ. ಅಲ್ಲಿನ ಜನರ ಮೊದಲ ಸಿಟ್ಟು ಭೂಮಿಯದು. ಹೊರಗಿನವರು ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ನೆಲ ತಮ್ಮದು ಅಂತ ಬರೆಸಿಕೊಂಡಿದ್ದರು. ಬಹಳಷ್ಟು ತೆಂಗಿನ ತೋಟ. ಆಮೇಲೆ ದನ ಮೇಯಿಸಲು ಕಾಡಿನ ಒಳಗೂ ಬೇಲಿ ಹಾಕತೊಡಗಿದರು. 1971ರಲ್ಲಿ ವಾಲ್ಟರ್ ಲಿನಿ ಮತ್ತು ಗೆಳೆಯರು ಪಕ್ಷ ಕಟ್ಟಿದ್ದು ಈ ಸಿಟ್ಟಿನಿಂದ. ಲಿನಿ ಪೆಂಟೆಕಾಸ್ಟ್ ದ್ವೀಪದವರು, ಆಂಗ್ಲಿಕನ್ ಪಾದ್ರಿ.

1975ರಲ್ಲಿ ಮೊದಲ ಸಲ ಪ್ರತಿನಿಧಿ ಸಭೆಗೆ ಚುನಾವಣೆ ಆಯಿತು. ಎಲ್ಲರಿಗೂ ವೋಟು ಇತ್ತು, ಆದರೆ ಎಲ್ಲ ಸೀಟಿಗೂ ಇರಲಿಲ್ಲ. ವ್ಯಾಪಾರಿಗಳ ಸಂಘಕ್ಕೆ ಅಂತಲೇ ಬೇರೆ ಸೀಟು ಇಟ್ಟಿದ್ದರು. ಜನ ಆರಿಸಿದ 29 ಸೀಟುಗಳಲ್ಲಿ ಲಿನಿ ಪಕ್ಷ 17 ಗೆದ್ದಿತು. ಆದರೂ ಸಭೆಯಲ್ಲಿ ಅವರ ಮಾತು ನಡೆಯಲಿಲ್ಲ. 1977ರಲ್ಲಿ ಮತ್ತೆ ಚುನಾವಣೆ ಬಂದಾಗ ಆ ಪಕ್ಷ ಬಹಿಷ್ಕಾರ ಹಾಕಿತು. ಎದುರಾಳಿಗಳೆಲ್ಲ ಅವಿರೋಧ ಗೆದ್ದರು. ಲಿನಿ ಕಡೆಯವರು ತಮ್ಮ ಹಿಡಿತದ ಊರುಗಳಲ್ಲಿ ತಮ್ಮದೇ ಸರ್ಕಾರ ಅಂತ ಬಾವುಟ ಹಾರಿಸಿದರು. ಇಲ್ಲಿಂದ ಅವರನ್ನು ಮತ್ತೆ ಮಾತಿಗೆ ಕೂರಿಸಿದ್ದು ದೊಡ್ಡ ಕೆಲಸ. 1978ರ ಕೊನೆಗೆ ಫಾದರ್ ಜೆರಾರ್ ಲೇಮಾಂಗ್ ಅನ್ನೋ ಕ್ಯಾಥೊಲಿಕ್ ಪಾದ್ರಿ ಮುಖ್ಯಮಂತ್ರಿ, ಲಿನಿ ಉಪಮುಖ್ಯಮಂತ್ರಿ ಆಗಿ ಎರಡೂ ಕಡೆಯವರ ಸರ್ಕಾರ ಬಂತು. ಇಬ್ಬರೂ ಸೇರಿ ಸಂವಿಧಾನಕ್ಕೆ ಒಪ್ಪಿದರು. ಅದಾದ ಮೇಲೇ 1979ರ ಚುನಾವಣೆ. ವಿಶ್ವಸಂಸ್ಥೆಯ ವೀಕ್ಷಕರೂ ಬಂದಿದ್ದರು.

ತಯಾರಿಲ್ಲದ ಜನ ಹೀಗೆ ಮಾಡುತ್ತಾರಾ ಹೇಳು. ಚುನಾವಣೆ, ಬಹಿಷ್ಕಾರ, ರಾಜಿ, ಸಂವಿಧಾನ, ಮತ್ತೆ ಚುನಾವಣೆ. ಇಷ್ಟನ್ನೂ ಐದು ವರ್ಷದೊಳಗೆ, ಇಬ್ಬರು ದೊರೆಗಳ ಜಗ್ಗಾಟದ ನಡುವೆ ಮಾಡಿದರು. ನಮ್ಮ ಸಂವಿಧಾನ ಸಭೆಯನ್ನು ಆರಿಸಿದ ಪ್ರಾಂತೀಯ ಸಭೆಗಳಿಗೆ ಎಲ್ಲ ವಯಸ್ಕರ ವೋಟು ಇರಲಿಲ್ಲ. ಆಸ್ತಿ ಇದ್ದವರಿಗೆ, ಓದಿದವರಿಗೆ ಮಾತ್ರ ಇತ್ತು. ನಮ್ಮ ಬಗ್ಗೆಯೂ ಇದೇ ಮಾತು ಆಡಿದವರಿದ್ದರು, ಇವರಿಗೆ ಇಷ್ಟು ಬೇಗ ವೋಟು ಯಾಕೆ ಅಂತ. ಆ ಮಾತನ್ನು ನಾವೇ ಇನ್ನೊಬ್ಬರ ಮೇಲೆ ಹೊರಿಸಿದರೆ ನನಗೆ ನೋವಾಗುತ್ತದೆ.

ಹಾಗಾದರೆ ದಂಗೆ ಯಾಕೆ? ಗೆದ್ದ ಸರ್ಕಾರದ ಕೈಯಲ್ಲಿ ಪೊಲೀಸರಿರಲಿಲ್ಲ. ಸ್ವಾತಂತ್ರ್ಯದ ದಿನದ ತನಕ ಕಾನೂನು ಸುವ್ಯವಸ್ಥೆ ಇಬ್ಬರು ರೆಸಿಡೆಂಟ್ ಕಮಿಷನರ್‌ಗಳ ಕೈಯಲ್ಲಿ. ಒಬ್ಬ ಬ್ರಿಟಿಷ್, ಒಬ್ಬ ಫ್ರೆಂಚ್. ಇಬ್ಬರೂ ಒಪ್ಪಿದರೆ ಮಾತ್ರ ಪಡೆ ಹೊರಡುತ್ತದೆ. ಬ್ರಿಟನ್‌ಗೆ ಬೇಗ ಕೈತೊಳೆದುಕೊಂಡು ಹೋಗಬೇಕಿತ್ತು. ಫ್ರಾನ್ಸ್‌ಗೆ ಅವಸರವಿರಲಿಲ್ಲ, ಪಕ್ಕದ ನ್ಯೂ ಕ್ಯಾಲೆಡೋನಿಯಾ ಅದರ ಕೈಯಲ್ಲೇ ಇತ್ತು. ಇಲ್ಲಿ ಬಿಟ್ಟರೆ ಅಲ್ಲೂ ಕೇಳುತ್ತಾರೆ ಅನ್ನೋ ಚಿಂತೆ. 1980ರ ಮೇ 28ರಂದು ಸಾಂಟೊದಲ್ಲಿ ಜಿಮ್ಮಿ ಸ್ಟೀವನ್ಸ್ ಅನ್ನೋ ಅಲ್ಲಿನ ಮುಖಂಡನ ಕಡೆಯವರು ಲುಗನ್‌ವಿಲ್ ಪಟ್ಟಣಕ್ಕೆ ನುಗ್ಗಿ ಸರ್ಕಾರಿ ಕಚೇರಿಗಳನ್ನು ಹಿಡಿದರು. ವೆಮರಾನಾ ಗಣರಾಜ್ಯ ಅಂತ ಹೆಸರಿಟ್ಟರು. ಲಿನಿ ಇಬ್ಬರೂ ದೊರೆಗಳಿಗೆ ಕೇಳಿದರು, ನಿಮ್ಮ ಪೊಲೀಸರನ್ನು ಕಳಿಸಿ ಅಂತ. ಒಬ್ಬರು ಹೂಂ ಅಂದರೆ ಇನ್ನೊಬ್ಬರು ತಡೆಯುತ್ತಿದ್ದರು. ಲಿನಿ ಕೈಲಾಗಿದ್ದು ಸಾಂಟೊಗೆ ಹೋಗುವ ಸರಕು ನಿಲ್ಲಿಸುವುದು ಒಂದೇ. ಜುಲೈನಲ್ಲಿ ಎರಡೂ ದೇಶದ ಸೈನಿಕರು ಸಾಂಟೊಗೆ ಬಂದಿಳಿದರು, ಆದರೆ ದಂಗೆಕೋರರಿಗೆ ಕೈ ಹಚ್ಚಲಿಲ್ಲ.

ನಾನು ಬಹಳ ಚುನಾವಣೆಗಳಲ್ಲಿ ಡ್ಯೂಟಿ ಮಾಡಿದ್ದೇನೆ. ಮತಪೆಟ್ಟಿಗೆ ಇದ್ದಾಗಿನಿಂದ ಯಂತ್ರ ಬಂದ ಮೇಲಿನ ತನಕ. ಸಂಜೆ ಮತದಾನ ಮುಗಿದು, ಸೀಲ್ ಹಾಕಿ, ಏಜೆಂಟರ ಸಹಿ ತಗೊಂಡು, ಲಾರಿ ಬರೋ ತನಕ ಶಾಲೆಯ ಕೋಣೆಯಲ್ಲಿ ಪೆಟ್ಟಿಗೆ ಮುಂದೆ ಕೂತಿರುತ್ತೇವೆ. ಬಾಗಿಲಲ್ಲಿ ಒಬ್ಬ ಪೇದೆ ನಿಂತಿರುತ್ತಾನೆ. ಹೊರಗೆ ನೂರು ಜನ ಗದ್ದಲ ಮಾಡುತ್ತಿದ್ದರೂ ಆ ಒಬ್ಬ ಪೇದೆ ಇದ್ದಾನೆ ಅಂತ ನಮಗೆ ಧೈರ್ಯ. ಯಾಕೆ ಅಂದರೆ ಅವನು ಚುನಾವಣಾ ಆಯೋಗದ ಮಾತು ಕೇಳುತ್ತಾನೆ, ಸೋತವನ ಮಾತಲ್ಲ, ಗೆದ್ದವನ ಮಾತೂ ಅಲ್ಲ. ಆ ಪೇದೆಯೇ ಯಾರ ಮಾತೂ ಕೇಳದೆ ಕೈ ಕಟ್ಟಿ ನಿಂತರೆ ಪೆಟ್ಟಿಗೆಯೊಳಗಿನ ವೋಟಿಗೆ ಏನು ಬೆಲೆ? ನ್ಯೂ ಹೆಬ್ರೈಡ್ಸ್‌ನಲ್ಲಿ ಆಗಿದ್ದು ಅದು. ಜನ ತಮ್ಮ ಕೆಲಸ ಮಾಡಿದ್ದರು.


ಉಣಕಲ್ ಕೆರೆ, ಹುಬ್ಬಳ್ಳಿ:

ಮಾಸ್ತರ್, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಮರ್ಚೆಂಟ್ ನೇವಿಯಲ್ಲಿ ಇಂಜಿನ್ ರೂಮಿನ ಕೆಲಸ ಮಾಡಿದವನು. ನಮ್ಮ ಹಡಗು ಲುಗನ್‌ವಿಲ್‌ಗೂ ಹೋಗಿತ್ತು, ಕೊಬ್ಬರಿ ತುಂಬಲು. ಬಂದರಿನ ಹತ್ತಿರ ನಿಂತರೆ ಒಣ ಕೊಬ್ಬರಿಯ ಕಮಟು ವಾಸನೆ ಬಟ್ಟೆಗೆಲ್ಲ ಹತ್ತುತ್ತದೆ. ಊರು ಸಣ್ಣದು, ಆದರೆ ನಡುವಿನ ರಸ್ತೆ ಮಾತ್ರ ನಮ್ಮ ಲ್ಯಾಮಿಂಗ್ಟನ್ ರೋಡಿಗಿಂತ ಅಗಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಅಲ್ಲಿ ದೊಡ್ಡ ನೆಲೆ ಮಾಡಿತ್ತು, ಮಿಲಿಟರಿ ಲಾರಿ ಓಡಾಡಲು ಹಾಕಿದ ರಸ್ತೆ. ಯುದ್ಧ ಮುಗಿದ ಮೇಲೆ ಟ್ರಕ್ಕು, ಬುಲ್ಡೋಜರು, ಕ್ರೇನು ಎಲ್ಲವನ್ನೂ ಸಮುದ್ರಕ್ಕೆ ನೂಕಿ ಹೋದರು. ಆ ಜಾಗಕ್ಕೆ ಮಿಲಿಯನ್ ಡಾಲರ್ ಪಾಯಿಂಟ್ ಅನ್ನುತ್ತಾರೆ. ತುಕ್ಕು ಹಿಡಿದ ಕಬ್ಬಿಣ ಇಳಿತದ ಹೊತ್ತಿನಲ್ಲಿ ದಂಡೆಯಲ್ಲೇ ಕಾಣುತ್ತದೆ.

ಆದರೆ ಒಂದು ಮಾತು ಸೇರಿಸಬೇಕು. ತಪ್ಪು ತಿಳಿಯಬೇಡಿ. ಲಿನಿ ಪಕ್ಷಕ್ಕೆ ಬಿದ್ದ ವೋಟು ನೂರಕ್ಕೆ ಸುಮಾರು 62. ಉಳಿದ 38 ಜನ ಎಲ್ಲರೂ ಫ್ರೆಂಚರ ಮಾತಿಗೆ ಮರುಳಾದವರಲ್ಲ. ಅವರ ಭಯ ನಿಜವಾದದ್ದು. ಫ್ರೆಂಚ್ ಶಾಲೆಯಲ್ಲಿ ಓದಿದವನಿಗೆ ನಾಳೆ ಇಂಗ್ಲಿಷ್ ಶಾಲೆಯಲ್ಲಿ ಓದಿದವರ ಸರ್ಕಾರ ಬಂದರೆ ನೌಕರಿ ಯಾರು ಕೊಡುತ್ತಾರೆ ಅನ್ನೋ ಚಿಂತೆ. ಗೆದ್ದ ಪಕ್ಷದ ಮುಂದಾಳುಗಳಲ್ಲಿ ಪಾದ್ರಿಗಳೇ ಜಾಸ್ತಿ, ಆಂಗ್ಲಿಕನ್ ಮತ್ತು ಪ್ರೆಸ್ಬಿಟೇರಿಯನ್. ತನ್ನಾ ದ್ವೀಪದಲ್ಲಿ ಜಾನ್ ಫ್ರಮ್ ಅನ್ನೋ ದೇವಪುರುಷ ಬರುತ್ತಾನೆ ಅಂತ ನಂಬುವವರು, ಹಳೇ ಪದ್ಧತಿ ಬಿಡದವರು ಬಹಳ. ಮಿಷನರಿಗಳ ಕಾಲದಲ್ಲಿ ಅವರ ಕುಣಿತ, ಅವರು ಕುಡಿಯುವ ಕಾವಾ ಅನ್ನೋ ಬೇರಿನ ಪಾನೀಯ ಎಲ್ಲಕ್ಕೂ ಅಡ್ಡಿ ಮಾಡಿದ್ದರು. ಪಾದ್ರಿಗಳ ಸರ್ಕಾರ ಅಂದರೆ ಅವರಿಗೆ ಹಳೇ ಕಾಟ ಮತ್ತೆ ಬಂತು ಅನ್ನಿಸಿತು.

ಜಿಮ್ಮಿ ಸ್ಟೀವನ್ಸ್ ಕೂಡ ಶುರು ಮಾಡಿದ್ದು ಭೂಮಿಯ ಹೋರಾಟದಿಂದಲೇ. 1960ರ ದಶಕದಲ್ಲಿ ಫನಾಫೊ ಅನ್ನೋ ಊರಲ್ಲಿ ಕೂತು, ಕಾಡಿನ ನೆಲ ನಮ್ಮದು, ಬೇಲಿ ತೆಗೀರಿ ಅಂದ ಮನುಷ್ಯ. ನಾಗ್ರಿಯಮೆಲ್ ಅಂತ ಅವನ ಸಂಘಟನೆ. ಆಮೇಲೆ ಅದೇ ತೋಟದ ಮಾಲೀಕರ ಜೊತೆ ಕೈ ಜೋಡಿಸಿದ. ಅಮೆರಿಕದ ಫೀನಿಕ್ಸ್ ಫೌಂಡೇಶನ್ ಅವನಿಗೆ ಬೆಂಬಲ ಕೊಟ್ಟಿತು, ತೆರಿಗೆ ಇಲ್ಲದ ಒಂದು ದೇಶ ಬೇಕು ಅಂತ ಹುಡುಕುತ್ತಿದ್ದ ಶ್ರೀಮಂತರ ಗುಂಪು ಅದು. ಅವನನ್ನು ನಾನು ಒಪ್ಪುವುದಿಲ್ಲ. ಆದರೆ ಅವನ ಹಿಂದೆ ಹೋದ ಬಡವರನ್ನು ಬರೀ ದಂಗೆಕೋರರು ಅಂದುಬಿಟ್ಟರೆ ಅದೂ ನೋಟ್ಸ್‌ನ ಸಾಲಿನ ಹಾಗೆಯೇ ಆಗುತ್ತದೆ, ಅಲ್ವಾ?

ತನ್ನಾದಲ್ಲಿ ವಿರೋಧ ಪಕ್ಷದ ಅಲೆಕ್ಸಿ ಯೊಲು ಅನ್ನೋ ಚುನಾಯಿತ ಸದಸ್ಯ 1980ರ ಜೂನ್‌ನಲ್ಲಿ ಗುಂಡೇಟಿಗೆ ಸತ್ತ. ಜನ ವೋಟು ಹಾಕಿ ಆರಿಸಿದ ಮನುಷ್ಯ. ಈ ಕತೆ ಹೇಳುವಾಗ ಅವನ ಹೆಸರು ಬಿಡಬಾರದು.


ಮುಂಡರಗಿ ಮಾಸ್ತರ:

ಉಣಕಲ್ ಸಾಹೇಬರೇ, ಒಪ್ಪಿದೆ. ಯೊಲು ಹೆಸರು ನೀವು ಹೇಳಿದ್ದು ಒಳ್ಳೆಯದಾಯಿತು. ಆದರೆ ಸೋತವರ ಭಯಕ್ಕೆ ಸಂವಿಧಾನದಲ್ಲಿ ಜಾಗ ಮಾಡಿದ್ದರು ಅನ್ನೋದನ್ನೂ ನೋಡಬೇಕು. ಬೇರೆ ಬೇರೆ ಗುಂಪುಗಳಿಗೆ ಸರಿಯಾದ ಪ್ರಾತಿನಿಧ್ಯ ಸಿಗುವ ಹಾಗೆ ಚುನಾವಣಾ ಪದ್ಧತಿ ಇರಬೇಕು ಅಂತ ಬರೆದಿದ್ದಾರೆ. ಹಿರಿಯ ಮುಖಂಡರಿಗೆ ಒಂದು ರಾಷ್ಟ್ರೀಯ ಮಂಡಳಿ. ಇಂಗ್ಲಿಷ್, ಫ್ರೆಂಚ್, ಅಲ್ಲಿನವರೆಲ್ಲ ಆಡುವ ಬಿಸ್ಲಾಮಾ, ಮೂರೂ ಅಧಿಕೃತ ಭಾಷೆ. ಸಾಂಟೊ ಮತ್ತು ತನ್ನಾಕ್ಕೆ ಅವರವರದೇ ಪ್ರಾದೇಶಿಕ ಮಂಡಳಿ ಇರಲಿ ಅಂತ ಅದೇ ನವೆಂಬರ್ 14ಕ್ಕೆ ಅವುಗಳ ಚುನಾವಣೆಯನ್ನೂ ಮಾಡಿದರು. ಗೋಳು ಶುರುವಾಗಿದ್ದು ಇಲ್ಲಿ. ಆ ಎರಡೂ ಮಂಡಳಿಗಳಲ್ಲಿ ಲಿನಿ ಪಕ್ಷವೇ ಕಡಿಮೆ ಅಂತರದಲ್ಲಿ ಗೆದ್ದುಬಿಟ್ಟಿತು. ನಮ್ಮ ದ್ವೀಪವಾದರೂ ನಮ್ಮ ಕೈಯಲ್ಲಿ ಉಳಿಯುತ್ತದೆ ಅಂತ ನಂಬಿದ್ದವರಿಗೆ ಅದು ತಡೆದುಕೊಳ್ಳಲಾಗದ ಪೆಟ್ಟು. ಮೋಸ ಆಗಿದೆ ಅಂದರು. ಕೋರ್ಟಿಗೆ ಹೋಗಬಹುದಿತ್ತು, ಬೀದಿಗಿಳಿಯಬಹುದಿತ್ತು. ಅವೆಲ್ಲ ಅವರ ಹಕ್ಕು. ಬಿಲ್ಲು ಬಾಣ, ಬಂದೂಕು ಹಿಡಿದು ಕಚೇರಿಗೆ ನುಗ್ಗುವ ಧೈರ್ಯ ಎಲ್ಲಿಂದ ಬಂತು? ತಡೆಯುವವರು ತಡೆಯುವುದಿಲ್ಲ ಅಂತ ಮೊದಲೇ ಗೊತ್ತಿತ್ತು, ಅದರಿಂದ.


ಕುಮದ್ವತಿ ತೀರ, ರಾಣೆಬೆನ್ನೂರು:

ನಾನು ಅಂಗನವಾಡಿ ಕಾರ್ಯಕರ್ತೆ, ಬಿಎಲ್‌ಒ ಕೆಲಸವನ್ನೂ ಮಾಡುತ್ತೇನೆ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುವವಳು. 80ರಷ್ಟು ದ್ವೀಪ, ಒಂದು ಲಕ್ಷ ಚಿಲ್ಲರೆ ಜನ, ನೂರಕ್ಕಿಂತ ಜಾಸ್ತಿ ಭಾಷೆ. ಅಲ್ಲಿ ದೋಣಿಯಲ್ಲಿ ಹೋಗಿ ಪಟ್ಟಿ ಮಾಡಿದವರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಮಗೆ ಇಲ್ಲಿ ಒಂದೇ ಓಣಿಯಲ್ಲಿ ಮದುವೆಯಾಗಿ ಹೋದವರ ಹೆಸರು ತೆಗೆಯೋದು, ಸೊಸೆಯ ಹೆಸರು ಸೇರಿಸೋದು ಸಾಕು ಸಾಕಾಗುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಪಟ್ಟಿಯಲ್ಲಿ ನೂರಕ್ಕೆ 90 ಜನ ಬಂದು ವೋಟು ಹಾಕಿದ್ದಾರೆ ಅಂದರೆ ಆ ಜನರ ಆಸೆ ಎಷ್ಟಿರಬೇಕು!

ಮಾಸ್ತರ್, ನನ್ನ ಪ್ರಶ್ನೆ ಎರಡು. ದಂಗೆ ಕೊನೆಗೆ ಹೇಗೆ ಮುಗಿಯಿತು? ಭೂಮಿ ಜನರಿಗೆ ಸಿಕ್ಕಿತಾ?


ಸಪ್ತಾಪುರದ ಓದುಗ, ಧಾರವಾಡ:

ಎಲ್ಲರಿಗೂ ಧನ್ಯವಾದ. ನೋಟ್ಸ್‌ನ ಸಾಲು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಬರೆದಿದ್ದು: ಚುನಾಯಿತ ಸರ್ಕಾರಕ್ಕೆ ಪೊಲೀಸ್ ಅಧಿಕಾರ ಇರಲಿಲ್ಲ, ಇಬ್ಬರು ಆಳುವವರಲ್ಲಿ ಒಮ್ಮತ ಇರಲಿಲ್ಲ, ಭೂಮಿ ಮತ್ತು ಭಾಷೆಯ ಭಯ ಇತ್ತು. ಅಕ್ಕಾವ್ರ ಪ್ರಶ್ನೆಯೇ ನನ್ನದೂ. ಇನ್ನೊಂದು ಸೇರಿಸುತ್ತೇನೆ. ಸೋತ ಆ 38 ಜನಕ್ಕೆ ಮುಂದೆ ಏನಾಯಿತು?


ಮುಂಡರಗಿ ಮಾಸ್ತರ:

ಅಕ್ಕಾವ್ರೇ, ಎರಡಕ್ಕೂ ಹೇಳುತ್ತೇನೆ. ದಂಗೆ ನಡೆಯುತ್ತಿದೆ ಅಂತ ಸ್ವಾತಂತ್ರ್ಯದ ತಾರೀಕು ಮುಂದಕ್ಕೆ ಹಾಕಲು ಲಿನಿ ಒಪ್ಪಲಿಲ್ಲ. ಜುಲೈ 30ಕ್ಕೆ ಬಾವುಟ ಏರಿತು. ಅವತ್ತಿನಿಂದ ಪೊಲೀಸ್ ಅವರ ಕೈಗೆ ಬಂತು, ಹೊರಗಿನ ಸಹಾಯ ಕೇಳುವ ಹಕ್ಕೂ ಬಂತು. ಪಕ್ಕದ ಪಪುವಾ ನ್ಯೂಗಿನಿಯನ್ನು ಕೇಳಿದರು. ಅದು ತಾನೇ 1975ರಲ್ಲಿ ಸ್ವತಂತ್ರವಾದ ಹೊಸ ದೇಶ. ಪ್ರಧಾನಿ ಜೂಲಿಯಸ್ ಚಾನ್ ಸೈನಿಕರನ್ನು ಕಳಿಸಿದರು, ಆಸ್ಟ್ರೇಲಿಯಾ ಸಾಗಾಟಕ್ಕೆ ನೆರವಾಯಿತು. ಎರಡು ದೊಡ್ಡ ದೇಶಗಳು ತಿಂಗಳುಗಟ್ಟಲೆ ಮಾಡದ ಕೆಲಸ ಆಗಸ್ಟ್ ಒಂದೇ ತಿಂಗಳಲ್ಲಿ ಮುಗಿಯಿತು. ಸ್ಟೀವನ್ಸ್‌ನ ಒಬ್ಬ ಮಗ ತಡೆ ಮುರಿದು ಗಾಡಿ ನುಗ್ಗಿಸಲು ಹೋದಾಗ ಗುಂಡಿಗೆ ಬಲಿಯಾದ. ಆಮೇಲೆ ಸ್ಟೀವನ್ಸ್ ಶರಣಾದ. 14 ವರ್ಷಕ್ಕೂ ಹೆಚ್ಚು ಶಿಕ್ಷೆ ಆಯಿತು, 1991ರಲ್ಲಿ ಬಿಡುಗಡೆ ಮಾಡಿದರು.

ಭೂಮಿ ವಿಷಯದಲ್ಲಿ ಅವರು ಮಾತು ಉಳಿಸಿಕೊಂಡರು. ಗಣರಾಜ್ಯದ ಎಲ್ಲ ಭೂಮಿಯೂ ಅಲ್ಲಿನ ಮೂಲ ಒಡೆಯರಿಗೆ ಮತ್ತು ಅವರ ಮಕ್ಕಳು ಮರಿಗಳಿಗೆ ಸೇರಿದ್ದು ಅಂತ ಸಂವಿಧಾನದಲ್ಲೇ ಇದೆ. ಹೊರಗಿನವರು ಗುತ್ತಿಗೆಗೆ ಪಡೆಯಬಹುದು, ಒಡೆತನ ಸಿಗುವುದಿಲ್ಲ. ಗುತ್ತಿಗೆಯ ಹೆಸರಲ್ಲಿ ಮುಂದೆ ಬೇರೆ ತಕರಾರುಗಳು ಬಂದವು, ಅದು ಬೇರೆ ಕತೆ.

ತಮ್ಮಾ, ಸೋತವರ ಬಗ್ಗೆ ಕೇಳಿದೆಯಲ್ಲ. 1979ರಲ್ಲಿ ಸೋತ ಗುಂಪುಗಳು ಮುಂದೆ ಒಟ್ಟಾಗಿ ಯೂನಿಯನ್ ಆಫ್ ಮಾಡರೇಟ್ ಪಾರ್ಟೀಸ್ ಅಂತ ಪಕ್ಷ ಕಟ್ಟಿದವು. ಹನ್ನೊಂದು ವರ್ಷ ವಿರೋಧ ಪಕ್ಷದಲ್ಲಿ ಕೂತರು. 1991ರ ಡಿಸೆಂಬರ್ ಚುನಾವಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸೀಟು ಅವರಿಗೇ ಬಂದವು. ಫ್ರೆಂಚ್ ಶಾಲೆಯಲ್ಲಿ ಓದಿದ ಮ್ಯಾಕ್ಸಿಮ್ ಕಾರ್ಲೊ ಕೊರ್ಮನ್ ಪ್ರಧಾನಿಯಾದರು. ಅವರ ಸರ್ಕಾರಕ್ಕೆ ಬೆಂಬಲ ಕೊಟ್ಟವರು ಯಾರು ಗೊತ್ತಾ? ವಾಲ್ಟರ್ ಲಿನಿ. ತಮ್ಮ ಹಳೇ ಪಕ್ಷದಿಂದ ಹೊರಬಂದು ಕಟ್ಟಿದ ಹೊಸ ಪಕ್ಷದ ಸದಸ್ಯರ ಜೊತೆ ಬಂದು ಸೇರಿಕೊಂಡರು. ಇದನ್ನೂ ನಿನ್ನ ನೋಟ್ಸ್‌ನಲ್ಲಿ ಬರೆದಿಟ್ಟುಕೋ.